ಹಿಡಿ ಅಕ್ಕಿ, ನಲವತ್ತು ವರ್ಷ

ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಗಂಜಿನೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಭತ್ತದ ರಾಶಿ. ಮಾನವಿ, ಸಿಂಧನೂರು, ದೇವದುರ್ಗಗಳ ಕಡೆಯಿಂದ ಬಂದ ಚೀಲಗಳು ಅಡತಿ ಅಂಗಡಿಗಳ ಮುಂದೆ ಒಂದರ ಮೇಲೊಂದು ಏರಿ ನಿಂತಿರುತ್ತವೆ. ಹಮಾಲರು ಬೆನ್ನಿನ ಮೇಲೆ ಹೊತ್ತು ಸಾಗುವಾಗ, ಹೊಲಿಗೆ ಸಡಿಲಿದ ಚೀಲದ ಬಾಯಿಂದ ಕಾಳು ಸೋರುತ್ತದೆ. ತಕ್ಕಡಿಯ ಸುತ್ತ ಚೆಲ್ಲುತ್ತದೆ. ಲಾರಿಯ ಗಾಲಿಯ ಕೆಳಗೆ ಸಿಕ್ಕಿ ಮಣ್ಣಾಗುತ್ತದೆ. ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಈ ಕಾಳಿಗೆ ಸ್ಥಾನವಿಲ್ಲ. ಆದರೆ ಕಸಬರಿಗೆ, ಮೊರಗಳನ್ನು ಹಿಡಿದ ಬಡ ಹೆಂಗಸರು ಅದನ್ನು ಮಣ್ಣಿನೊಡನೆಯೇ ಗುಡಿಸಿ, ಕೇರಿ, ಹಸನುಮಾಡಿ ಉಡಿಯಲ್ಲಿ ಕಟ್ಟಿಕೊಂಡು ಹೋಗುವ ನೋಟ ಧಾನ್ಯದ ಪೇಟೆಗಳಿಗೆ ಹೊಸದಲ್ಲ. ಅವರ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೋಡಿದರೂ ಒಂದು ಕ್ಷಣದ ಕನಿಕರಕ್ಕಿಂತ ಹೆಚ್ಚಿನದೇನೂ ಮನಸ್ಸಿಗೆ ಬರುವುದಿಲ್ಲ.

ಆದರೆ ಇಂಥ ಚೆಲ್ಲಿದ ಕಾಳನ್ನು ನಡುವೆ ಇಟ್ಟುಕೊಂಡೇ ಒಂದು ಕಾಲದಲ್ಲಿ ಗಂಡಹೆಂಡಿರ ನಡುವೆ ಒಂದು ದೊಡ್ಡ ವಿಚಾರ ನಡೆಯಿತು. ಆ ವಿಚಾರದಲ್ಲಿ ಗೆದ್ದಾಕೆ ಇದೇ ಜಿಲ್ಲೆಯ ಹೆಣ್ಣುಮಗಳು.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟೆಯ ಬಳಿ ಅಮರೇಶ್ವರ ಕ್ಷೇತ್ರವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಹೊರಟು ಕಲ್ಯಾಣದಲ್ಲಿ ನೆಲೆಸಿದ ದಂಪತಿಗಳು ಮಾರಯ್ಯ, ಲಕ್ಕಮ್ಮ. ಊರನ್ನು ಬಿಟ್ಟರೂ ಊರ ದೇವರನ್ನು ಬಿಟ್ಟವರಲ್ಲ. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನೇ ಇದ್ದಾನೆ. ಮಾರಯ್ಯನ ಕಾಯಕ ಬಹಳ ಸರಳವಾದದ್ದು. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ದಾಸೋಹ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಅಲ್ಲಿ ಅನ್ನ ಸಲ್ಲುತ್ತಿತ್ತೆಂದು ಪರಂಪರೆ ಹೇಳುತ್ತದೆ. ಸಂಖ್ಯೆಯ ಮಾತು ಹೇಗೇ ಇರಲಿ, ಅಂಥ ಮನೆಯ ಅಂಗಳದಲ್ಲಿ ಅಕ್ಕಿಯ ಮೂಟೆಗಳು ಬಂದು ಇಳಿಯುವಾಗ ನೆಲಕ್ಕೆ ಚೆಲ್ಲುವ ಅಕ್ಕಿಯೂ ಕಡಮೆಯದಾಗಿರಲಿಕ್ಕಿಲ್ಲ. ಆ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತಂದು ಹೆಂಡತಿಯ ಕೈಗೆ ಕೊಡುವುದು ಮಾರಯ್ಯನ ಕೆಲಸ. ಅದನ್ನು ಅಟ್ಟು ಬಂದ ಜಂಗಮರಿಗೆ ಬಡಿಸಿ, ಉಳಿದುದನ್ನು ಉಣ್ಣುವುದು ಇಬ್ಬರ ಬಾಳು. 'ಆಯ್ದಕ್ಕಿ' ಎಂಬ ಹೆಸರು ಬಂದದ್ದು ಹೀಗೆ. ಬಡತನದ ಗುರುತೊಂದು ಮನೆತನದ ಬಿರುದಾಗಿ ನಿಂತ ನಿದರ್ಶನ ಕನ್ನಡದಲ್ಲಿ ಬೇರೆ ಎಷ್ಟಿವೆಯೋ!

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಮರುಗಿ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಕೆಲವರು ಹೇಳುವರು. ಪರೀಕ್ಷಿಸಲೆಂದು ಹಾಗೆ ಮಾಡಿದರೆಂದು ಮತ್ತೆ ಕೆಲವರು. ಏನೇ ಆಗಲಿ, ಮಾರಯ್ಯ ಕದ್ದು ತರಲಿಲ್ಲ, ಬೇಡಿ ತರಲಿಲ್ಲ. ಅಂಗಳದಲ್ಲಿ ಬಿದ್ದಿತ್ತು, ಆಯ್ದು ತಂದ. ಬೇರೆ ಯಾವ ಮನೆಯಾಗಿದ್ದರೂ ಅಂದು ಆ ಮನೆಯಾಕೆ ನಗುಮುಖದಿಂದ ಗಂಡನನ್ನು ಇದಿರ್ಗೊಳ್ಳುತ್ತಿದ್ದಳು. ಲಕ್ಕಮ್ಮ ಹಾಗೆ ಮಾಡಲಿಲ್ಲ. ಇಷ್ಟು ಅಕ್ಕಿ ನಮಗೇಕೆ, ಆಸೆ ಅರಸರಿಗೆ ಒಪ್ಪುವುದೇ ಹೊರತು ಶಿವಭಕ್ತರಿಗಲ್ಲ, ಹೆಚ್ಚಾದುದನ್ನು ಎಲ್ಲಿ ಆಯ್ದೆಯೋ ಅಲ್ಲಿಯೇ ಚೆಲ್ಲಿ ಬಾ ಎಂಬ ತಾತ್ಪರ್ಯದ ಮಾತನ್ನು ನೇರವಾಗಿ ಆಡಿಬಿಟ್ಟಳು. ಅವಳ ಹೆಸರಿನಲ್ಲಿ ಉಳಿದುಬಂದ ವಚನಗಳು 25. ಅವುಗಳಲ್ಲಿ ಜನರ ನಾಲಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ನಿಂತದ್ದು ಈ ಮಾತಿನ ವಚನವೇ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾಮಾನ್ಯವಾಗಿ ಈ ಪ್ರಸಂಗವನ್ನು ಹೇಳುವವರು 'ಲಕ್ಕಮ್ಮನಿಗೆ ಆಸೆ ಇರಲಿಲ್ಲ' ಎಂದು ಮುಗಿಸಿಬಿಡುತ್ತಾರೆ. ಮಾತು ಅಷ್ಟು ಸುಲಭವಲ್ಲ. ಮಾರಯ್ಯ ಹೆಚ್ಚು ಅಕ್ಕಿ ತಂದದ್ದು ತನ್ನ ಹೊಟ್ಟೆಗೆಂದೆ? ನಾಳೆಗೆಂದು ಗಡಿಗೆಯಲ್ಲಿ ತುಂಬಿಡಲೆಂದೆ? ಅಲ್ಲವೇ ಅಲ್ಲ. ಅಕ್ಕಿ ಹೆಚ್ಚಾದರೆ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಿತ್ತು. ಅವನ ಆಸೆ ಕೊಡುವ ಆಸೆ. ಲೋಕವೆಲ್ಲ ಮೆಚ್ಚುವ ಆಸೆ. ಲಕ್ಕಮ್ಮ ತಡೆದದ್ದು ಅದನ್ನು. ಕೊಡುವುದಕ್ಕೆಂದು ಹೆಚ್ಚು ಕೂಡಿಸಹೊರಟವನು ಕೂಡಿಸುವುದರಲ್ಲಿಯೇ ಮುಳುಗಿಹೋಗುತ್ತಾನೆಂಬುದನ್ನು ಆ ಹೆಣ್ಣು ಕಂಡಿದ್ದಳು. ಮೇಲಾಗಿ, ಇಂದಿನ ಕಾಯಕಕ್ಕೆ ಇಂದು ದೊರೆಯಬೇಕಾದ ಪಾಲಿಗಿಂತ ಮಿಗಿಲಾದದ್ದು ಇನ್ನೊಬ್ಬರ ಪಾಲು. ಇನ್ನೊಬ್ಬರ ಪಾಲನ್ನು ತಂದು ಧಾರಾಳವಾಗಿ ಬಡಿಸುವುದರಲ್ಲಿ ಏನು ದೊಡ್ಡತನ? ಕೈಯಲ್ಲಿದ್ದುದು ಹಿಡಿಯಷ್ಟೇ ಆದರೂ ಅದು ತನ್ನ ಬೆವರಿನದಾದರೆ ಮಾತ್ರ ದಾಸೋಹ. ಇಲ್ಲವಾದರೆ ಅದು ಬರಿಯ ಹಂಚಿಕೆ. ದಾನ ಮಾಡಿದವನಿಗೆ ತಾನು ಕೊಟ್ಟೆನೆಂಬ ಹಮ್ಮು ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ.

ಲಕ್ಕಮ್ಮ ಗಂಡನನ್ನು ಎಚ್ಚರಿಸಿದ್ದು ಇದೊಂದೇ ಸಲವಲ್ಲ. ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತಿದ್ದ ಮಾರಯ್ಯನಿಗೆ ಕಾಯಕದ ಹೊತ್ತು ಮೀರಿತೆಂದು ನೆನಪಿಸಿದವಳೂ ಅವಳೇ. ಶೂನ್ಯಸಂಪಾದನೆಯ ಕರ್ತೃಗಳು ಈ ದಂಪತಿಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಅದನ್ನು ಓದಿದವರಿಗೆ ಒಂದು ಸಂಗತಿ ಮನಸ್ಸಿಗೆ ಬಾರದಿರದು: ಆ ಗುಡಿಸಲಿನಲ್ಲಿ ಇದ್ದವರು ಬಡವರು ನಿಜ, ಕೊರಗುವವರಲ್ಲ. ಅಕ್ಕಿ ಸಾಲದೆಂಬ ದೂರು ಒಂದು ಕಡೆಯೂ ಕೇಳಿಬರುವುದಿಲ್ಲ.

ಈಗ ನಾಡಿನ ನಕ್ಷೆಯತ್ತ ಒಮ್ಮೆ ತಿರುಗೋಣ. ಅಮರೇಶ್ವರದಿಂದ ಬಹಳ ದೂರವಿಲ್ಲದ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನದ ಹೆಸರೆತ್ತಿದರೆ ಮೊದಲು ಹೇಳಬೇಕಾದದ್ದು ಹಟ್ಟಿಯನ್ನು. ಅಲ್ಲಿ ಒಂದು ಟನ್ ಕಲ್ಲನ್ನು ಒಡೆದು ಅರೆದರೆ ಕೈಗೆ ಬರುವುದು ಕೆಲವೇ ಗ್ರಾಂ ಬಂಗಾರ. ಆಧುನಿಕ ಯಂತ್ರಗಳು ಬರುವುದಕ್ಕೆ ಬಹು ಶತಮಾನಗಳ ಹಿಂದೆಯೇ ಜನರು ಅಲ್ಲಿ ನೆಲವನ್ನು ಬಗೆದು ನೂರಾರು ಅಡಿ ಇಳಿದಿದ್ದರು. ನೆಲದ ಕೆಳಗೆ ಬಂಗಾರ, ನೆಲದ ಮೇಲೆ ಲಕ್ಕಮ್ಮ. ಇಂಥ ನೆರೆಹೊರೆಯನ್ನು ಕವಿಯೊಬ್ಬ ಕಲ್ಪಿಸಿದ್ದರೆ ಓದುಗರು ಅದನ್ನು ಕೃತಕವೆನ್ನುತ್ತಿದ್ದರು.

ಆಸೆ ಅರಸರಿಗೆ ಎಂದು ಆಕೆ ಅಂದದ್ದೂ ಈ ನೆಲದ ಪಾಲಿಗೆ ಬರಿಯ ಅಲಂಕಾರದ ಮಾತಾಗಿ ಉಳಿಯಲಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ಈ ದೋಆಬಿಗಾಗಿ ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ತಲೆಮಾರುಗಟ್ಟಲೆ ಯುದ್ಧ ನಡೆಯಿತು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರನ್ನು ಹಿಡಿದ. ಹಿಡಿದವರು ಯಾರೂ ಉಳಿಸಿಕೊಳ್ಳಲಿಲ್ಲ. 1294ರಲ್ಲಿ ಕಟ್ಟಿಸಿದೆನೆಂದು ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಬರೆಸಿದ ಕೋಟೆಯ ಗೋಡೆ ಇಂದಿಗೂ ಊರ ನಡುವೆ ನಿಂತಿದೆ. ಅದರ ಮಗ್ಗುಲಲ್ಲಿ ಆಟೋಗಳು ಓಡಾಡುತ್ತವೆ.

ಕೊನೆಯ ಅರಸನ ಕಥೆ ಇನ್ನೂ ಸ್ವಾರಸ್ಯದ್ದು. 1948ರವರೆಗೆ ರಾಯಚೂರನ್ನಾಳಿದ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಚಿತ್ರ 1937ರ ಫೆಬ್ರವರಿಯಲ್ಲಿ ಅಮೆರಿಕದ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಬಂದಿತು, ಜಗತ್ತಿನ ಅತ್ಯಂತ ಸಿರಿವಂತನೆಂಬ ಕಾರಣದಿಂದ. ಜಾಕೋಬ್ ವಜ್ರವನ್ನು ಕಾಗದ ಹಾರದಂತೆ ಇಡುವ ಗುಂಡಾಗಿ ಬಳಸಿದವನು ಇವನೇ ಎಂಬ ಮಾತು ಪ್ರಸಿದ್ಧವಾಗಿದೆ. ಉಡುಗೆ ತೊಡುಗೆಯಲ್ಲಿ ಮಾತ್ರ ಮಹಾ ಜಿಪುಣನೆಂದು ಹೆಸರು. 1965ರ ಯುದ್ಧಕಾಲದಲ್ಲಿ ಅವನು ದೇಶದ ರಕ್ಷಣೆಗೆ ಐದು ಸಾವಿರ ಕಿಲೋ ಬಂಗಾರವನ್ನು ದಾನಕೊಟ್ಟನೆಂಬ ಸುದ್ದಿ ಬಹುಕಾಲ ಹರಡಿತ್ತು. ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಿದಾಗ ಹೊರಬಿದ್ದ ಸಂಗತಿ ಬೇರೆ: ಬಂಗಾರ ಐದು ಸಾವಿರ ಕಿಲೋ ಅಲ್ಲ, 425 ಕಿಲೋ, ಅದೂ ದಾನವಲ್ಲ, ಶೇಕಡಾ ಆರೂವರೆಯ ಬಡ್ಡಿಗೆ ತೊಡಗಿಸಿದ ಬಂಡವಾಳ! ಆತನಿಗೆ ಅನ್ಯಾಯವಾಗದಂತೆ ಇದನ್ನೂ ಹೇಳಬೇಕು: 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದು ಅವನ ಆಳ್ವಿಕೆಯಲ್ಲಿಯೇ. ಆದರೆ ಕೊಡದುದನ್ನೂ ಕೊಟ್ಟನೆಂದು ಜನ ನಂಬಿಕೊಂಡದ್ದು ವಿಚಾರ ಮಾಡತಕ್ಕ ಸಂಗತಿ. ಅಷ್ಟು ಸಿರಿ ಇದ್ದವನು ಕೊಟ್ಟೇ ಇರಬೇಕೆಂದು ಮನುಷ್ಯನ ಮನಸ್ಸು ಒಳಗೊಳಗೇ ಬಯಸುತ್ತದೆಯೋ ಏನೋ.

ಅರಸರನ್ನು ಬಿಟ್ಟು ದೇವದುರ್ಗ ಮಾನವಿಗಳ ಕಡೆಗೆ ಬರೋಣ. ಹದಿನೆಂಟನೆಯ ಶತಮಾನದಲ್ಲಿ ಈ ಎರಡು ತಾಲ್ಲೂಕುಗಳ ಸಣ್ಣ ಹಳ್ಳಿಗಳಿಂದ ಮೂವರು ಹರಿದಾಸರು ಎದ್ದುಬಂದರು. ಮಾನವಿಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು; ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರು; ಮಾನವಿಯದೇ ಆದ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಜಗನ್ನಾಥದಾಸರು. ಮೂವರನ್ನೂ ಬೆಸೆದದ್ದು ಒಂದು ಕೊಡುಗೆಯ ಕಥೆ. ಈ ಭಾಗದಲ್ಲಿ ಆ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಬಹಳ ವಿರಳ.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ಒಮ್ಮೆ ವಿಜಯದಾಸರು ಮಾನವಿಗೆ ಬಂದಾಗ ಆಚಾರ್ಯರನ್ನು ಊಟಕ್ಕೆ ಕರೆದರು. ಆಚಾರ್ಯರು ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರು. ನೆವ ನಿಜವಾಯಿತು. ಹೊಟ್ಟೆನೋವು ಹತ್ತಿ ಬಿಡದಾಯಿತು, ಪ್ರಾಣಕ್ಕೆ ಬಂದಿತು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ಅಲ್ಲಿ, ಯಾರಿಗೆ ಅಪಚಾರ ಮಾಡಿದೆಯೋ ಅವರಲ್ಲಿಗೇ ಹೋಗು ಎಂಬ ಸೂಚನೆಯಾಯಿತು. ಬಂದು ಕಾಲಿಗೆ ಬಿದ್ದವನನ್ನು ವಿಜಯದಾಸರು ಜರೆಯಲಿಲ್ಲ. ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು ಉಣಿಸಿದರು. ಹೊಟ್ಟೆಯಲ್ಲಿ ಗಂಜಿಯೂ ನಿಲ್ಲದ ರೋಗಿಗೆ ಜೋಳದ ರೊಟ್ಟಿ! ಆ ಸೀಮೆಯವರ ಔಷಧಿಯೂ ಆ ಸೀಮೆಯದೇ. ಅಷ್ಟರಿಂದ ಮುಗಿಯಲಿಲ್ಲ. ಆಚಾರ್ಯರ ಆಯುಷ್ಯ ತೀರಿತ್ತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು.

ಆಯುಷ್ಯವನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದೇ ಎಂಬ ಪ್ರಶ್ನೆಯನ್ನು ವೈದ್ಯರಿಗೆ ಬಿಡೋಣ. ಕಥೆಯೊಳಗಿನ ಮನುಷ್ಯರನ್ನು ನೋಡಿದರೆ ಸಾಕು. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ, ಚಿಪ್ಪಗಿರಿಯಲ್ಲಿ. ಅಂದರೆ ಈ ಪ್ರಸಂಗ ನಡೆದಾಗ ಶ್ರೀನಿವಾಸಾಚಾರ್ಯರಿಗೆ ಇನ್ನೂ ಮೂವತ್ತಾಗಿರಲಿಲ್ಲ. ಕೊಟ್ಟ ಗೋಪಾಲದಾಸರೂ ಮುದುಕರಲ್ಲ; ವಯಸ್ಸಿನಲ್ಲಿ ಆಚಾರ್ಯರಿಗಿಂತ ಕೆಲವೇ ವರ್ಷ ಹಿರಿಯರು. ಬಾಳಿ ದಣಿದ ವೃದ್ಧನು ಉಳಿದ ನಾಲ್ಕು ದಿನವನ್ನು ಬಿಟ್ಟುಕೊಟ್ಟ ಕಥೆ ಇದಲ್ಲ. ಮುಂದೆ ಇಡೀ ಬದುಕು ಇದ್ದವನು ಅದರ ದೊಡ್ಡ ಪಾಲನ್ನು ಕೊಟ್ಟದ್ದು. ಕೊಟ್ಟದ್ದು ತನ್ನ ಗುರುವನ್ನೇ ಹೀನಾಯವಾಗಿ ಕಂಡವನಿಗೆ.

ಗೋಪಾಲದಾಸರ ಬಾಲ್ಯವನ್ನು ನೆನೆದರೆ ಇದು ಮತ್ತೂ ಬೆರಗುಗೊಳಿಸುತ್ತದೆ. ಅವರ ಮೊದಲಿನ ಹೆಸರು ಭಾಗಣ್ಣ. ತಂದೆ ತೀರಿದ ಮೇಲೆ ದಾಯಾದಿಗಳು ಹೊಲಮನೆಗಳನ್ನು ನುಂಗಿ, ತಾಯಿಯನ್ನೂ ಮಕ್ಕಳನ್ನೂ ಹೊರಗೆ ಹಾಕಿದರೆಂದು ಸಂಪ್ರದಾಯದ ಕಥನಗಳು ಹೇಳುತ್ತವೆ. ತನ್ನದಾಗಬೇಕಾದುದನ್ನು ಇತರರು ಕಿತ್ತುಕೊಂಡರೆ ಮನುಷ್ಯನ ಮುಷ್ಟಿ ಬಿಗಿಯುವುದು ಸಹಜ. ಇನ್ನು ಮೇಲೆ ಯಾರಿಗೂ ಏನನ್ನೂ ಬಿಡೆನೆಂಬ ಹಟ ಹುಟ್ಟುವುದು ಸಹಜ. ಮೊಸರಕಲ್ಲಿನ ಆ ಹುಡುಗನಿಗೆ ಅದು ಯಾಕೆ ಹುಟ್ಟಲಿಲ್ಲವೆಂಬುದನ್ನು ಯಾವ ಕಥನವೂ ಬಿಡಿಸಿ ಹೇಳುವುದಿಲ್ಲ. ಬಹುಶಃ ವಿಜಯದಾಸರ ಮನೆಯನ್ನು ನೋಡಿದರೆ ಉತ್ತರದ ಅಂಚು ಸಿಕ್ಕೀತು.

ಆ ಮನೆಯೂ ಬಡತನದ್ದೇ. ವಿಜಯದಾಸರು ಹುಟ್ಟು ಬಡವರು. ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಊರೂರು ಅಲೆದು ಕಾಶಿಯವರೆಗೆ ಹೋಗಿಬಂದವರು. ಹೊಟ್ಟೆಗಿಲ್ಲದ ಕಷ್ಟವನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಒಂದು ದಿನ ಅವರು, ಬದುಕಿಗೆ ಬೇಸತ್ತು ಕೂಸಿನೊಡನೆ ನದಿಗೆ ಬೀಳಲು ನಿಂತಿದ್ದ ಒಬ್ಬ ಹೆಣ್ಣುಮಗಳನ್ನು ಕಂಡರು. ತಡೆದು, ಸಮಾಧಾನ ಹೇಳಿ, ತಾಯಿ ಕೂಸುಗಳಿಬ್ಬರನ್ನೂ ಕರೆದುಕೊಂಡು ನೇರವಾಗಿ ಮನೆಗೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಡನ ಬೆನ್ನ ಹಿಂದೆ ಗುರುತಿಲ್ಲದ ಹೆಂಗಸೊಬ್ಬಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತರೆ ಯಾವ ಗೃಹಿಣಿಯ ಮನಸ್ಸಿನಲ್ಲಿ ಏನು ಹಾಯ್ದುಹೋಗುವುದೆಂಬುದನ್ನು ವಾಚಕರೇ ಊಹಿಸಬಲ್ಲರು. ಅರಳಮ್ಮ ಅವರನ್ನು ಒಳಕ್ಕೆ ಕರೆದುಕೊಂಡಳು. ಆ ಕೂಸು ಆ ಮನೆಯ ಮಗನಾಗಿಯೇ ಬೆಳೆಯಿತು, ಮುಂದೆ ಮೋಹನದಾಸರೆಂದು ಹೆಸರಾಯಿತು. ಹಾಡು ಕಟ್ಟಿದವರ ಹೆಸರು ನಿಂತಿದೆ. ಇರುವ ಅನ್ನದಲ್ಲಿಯೇ ಇನ್ನೆರಡು ಎಲೆ ಹಾಕಿದವಳ ಹೆಸರು ಅಷ್ಟಾಗಿ ಯಾರಿಗೂ ನೆನಪಿಲ್ಲ. ಲಕ್ಕಮ್ಮನಿಗೆ ವಚನಗಳಾದರೂ ಇದ್ದವು.

ಇವೆಲ್ಲ ಭಕ್ತರ ಮಾತು, ಸಂಸಾರಿಗಳಿಗೆ ಹೊಂದದು ಎನ್ನುವವರಿದ್ದಾರೆ. ಅಂಥವರಿಗಾಗಿ ಕೆನಡಾ ದೇಶದ ಒಂದು ಪ್ರಯೋಗವನ್ನು ಹೇಳಬಹುದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಅವರ ಸಂಗಡಿಗರು ಬೆಳಗ್ಗೆ 46 ಮಂದಿಗೆ ಒಂದೊಂದು ಲಕೋಟೆ ಕೊಟ್ಟರು. ಕೆಲವು ಲಕೋಟೆಗಳಲ್ಲಿ 5 ಡಾಲರು, ಕೆಲವುಗಳಲ್ಲಿ 20. ಅರ್ಧ ಜನ ಅದನ್ನು ಸಂಜೆಯೊಳಗೆ ತಮಗಾಗಿ ವೆಚ್ಚ ಮಾಡಬೇಕು, ಉಳಿದವರು ಇನ್ನೊಬ್ಬರಿಗಾಗಿ. ಸಂಜೆ ವಿಚಾರಿಸಿದಾಗ ಇತರರಿಗಾಗಿ ವೆಚ್ಚ ಮಾಡಿದವರು ಹೆಚ್ಚು ಸಂತೋಷದಿಂದಿದ್ದರು. 5 ಕೊಟ್ಟವರಿಗೂ 20 ಕೊಟ್ಟವರಿಗೂ ಅದರಲ್ಲಿ ಅಂತರ ಕಾಣಲಿಲ್ಲ. 2008ರಲ್ಲಿ 'ಸೈನ್ಸ್' ಪತ್ರಿಕೆ ಇದನ್ನು ಪ್ರಕಟಿಸಿತು. ಇದಕ್ಕಿಂತ ಸ್ವಾರಸ್ಯದ ಸಂಗತಿ ಮತ್ತೊಂದಿದೆ. ಯಾವುದರಿಂದ ಸಂತೋಷ ಹೆಚ್ಚೆಂದು ಬೇರೆ ವಿದ್ಯಾರ್ಥಿಗಳನ್ನು ಮೊದಲೇ ಕೇಳಿದಾಗ, 20 ಡಾಲರನ್ನು ತನಗಾಗಿ ಬಳಸಿದರೆ ಎಂದೇ ಬಹುಮಂದಿ ಹೇಳಿದರು! ಮನುಷ್ಯನಿಗೆ ತನ್ನ ಸಂತೋಷದ ದಾರಿಯೇ ಗೊತ್ತಿಲ್ಲವೆಂದಾಯಿತು. ಆದರೂ ಐದು ಡಾಲರಿನ ಸಂಜೆಯ ಸಂತೋಷವನ್ನೂ ಲಕ್ಕಮ್ಮನ ಗುಡಿಸಲಿನ ನೆಮ್ಮದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆ ಡಾಲರುಗಳು ಕೊಟ್ಟವರ ಬೆವರಿನವಲ್ಲ, ಪುಕ್ಕಟೆಯಾಗಿ ಬಂದವು.

ಕೊಡುವುದರಲ್ಲಿಯೂ ಲೆಕ್ಕದ ಆಸೆ ಹುಟ್ಟಿದರೆ ಏನಾಗುವುದೆಂಬುದಕ್ಕೆ ಹತ್ತಿರದ ನಿದರ್ಶನವೇ ಇದೆ. ರಾಯಚೂರು ಇನ್ನೂ ಹೈದರಾಬಾದು ರಾಜ್ಯದಲ್ಲಿದ್ದಾಗ, 1951ರ ಏಪ್ರಿಲ್ 18ರಂದು, ಅದೇ ರಾಜ್ಯದ ತೆಲಂಗಾಣದ ಪೋಚಂಪಳ್ಳಿಯಲ್ಲಿ ಹರಿಜನರು ವಿನೋಬಾ ಅವರ ಮುಂದೆ 80 ಎಕರೆ ನೆಲ ಬೇಕೆಂದರು. ರಾಮಚಂದ್ರ ರೆಡ್ಡಿ ಎಂಬವರು ಎದ್ದು 100 ಎಕರೆ ಕೊಟ್ಟರು. ಭೂದಾನ ಹುಟ್ಟಿದ ಆ ಗಳಿಗೆ ನಿರ್ಮಲವಾದದ್ದು. ಆಮೇಲೆ ಎಕರೆಗಳು ಲಕ್ಷಗಟ್ಟಲೆ ಬೆಳೆದವು, ಸಂಖ್ಯೆಗಳು ಪತ್ರಿಕೆಗಳಲ್ಲಿ ಮೆರೆದವು. ಹಂಚಹೋದಾಗ ಎಷ್ಟೋ ನೆಲ ಕಲ್ಲುಬಂಡೆ, ಎಷ್ಟೋ ನೆಲ ಕೋರ್ಟಿನ ವ್ಯಾಜ್ಯದಲ್ಲಿದ್ದದ್ದು. ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಚೆಲ್ಲಿ ಬಾ ಎನ್ನಲು ಅಲ್ಲಿ ಲಕ್ಕಮ್ಮ ಇರಲಿಲ್ಲ.

ಗೋಪಾಲದಾಸರು ಕೊಟ್ಟದ್ದು ಮಾತ್ರ ಕಲ್ಲುಬಂಡೆಯಾಗಲಿಲ್ಲ. ಬದುಕಿ ಎದ್ದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಪಂಡಿತನ ಜಿಪುಣತನ ಬೇರೆಯ ಬಗೆಯದು. ಅವನು ಹಣವನ್ನಲ್ಲ, ವಿದ್ಯೆಯನ್ನು ಗಂಟುಕಟ್ಟಿ ಇಡುತ್ತಾನೆ, ಎಲ್ಲರಿಗೂ ತಿಳಿಯುವ ನುಡಿಯಲ್ಲಿ ಹೇಳಿದರೆ ಅದರ ಬೆಲೆ ಇಳಿದೀತೆಂದು ಅಂಜುತ್ತಾನೆ. ಆ ಗಂಟು ಈಗ ಬಿಚ್ಚಿಕೊಂಡಿತು. ಸಂಸ್ಕೃತದ ಉದ್ಗ್ರಂಥಗಳಲ್ಲಿ ಅಡಗಿದ್ದ ಸಿದ್ಧಾಂತವೆಲ್ಲ ಭಾಮಿನೀ ಷಟ್ಪದಿಯಲ್ಲಿ, 'ಹರಿಕಥಾಮೃತಸಾರ'ವಾಗಿ ಹರಿಯಿತು. ಸಂಸ್ಕೃತದ ಒಂದಕ್ಷರ ಬಾರದ ಹೆಂಗಸರು ಅದನ್ನು ಕಂಠಪಾಠ ಮಾಡಿದರು. ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಬೀಸುಕಲ್ಲಿನ ಮುಂದೆ ಹಾಡಿದರು. ಯಾವ ಕನ್ನಡದ ಹಾಡನ್ನು ತಾತ್ಸಾರ ಮಾಡಿ ಊಟದ ಕರೆಯನ್ನು ತಪ್ಪಿಸಿಕೊಂಡಿದ್ದರೋ ಅದೇ ಕನ್ನಡಕ್ಕೆ ಅವರು ತಮ್ಮ ಗಳಿಕೆಯನ್ನೆಲ್ಲ ಕೊಟ್ಟುಬಿಟ್ಟರು.

ಗೋಪಾಲದಾಸರು 1762ರಲ್ಲಿ ಉತ್ತನೂರಿನಲ್ಲಿ ಕಣ್ಮರೆಯಾದರು; ಆಗ ಅವರ ವಯಸ್ಸು ನಲವತ್ತರ ಆಸುಪಾಸು. ಜಗನ್ನಾಥದಾಸರು ಆಮೇಲೆ 47 ವರ್ಷ ಬಾಳಿ 1809ರಲ್ಲಿ ಮಾನವಿಯಲ್ಲಿ ದೇಹ ಬಿಟ್ಟರು. ಮಾನವಿಯ ಅವರ ಮಂದಿರದಲ್ಲಿ ಒಂದು ಕಂಬವಿದೆ. ದಾಸರು ಅದರಲ್ಲಿಯೇ ನೆಲೆಸಿದ್ದಾರೆಂದು ಭಕ್ತರು ನಂಬಿ ಸುತ್ತು ಬರುತ್ತಾರೆ. ಸುಗ್ಗಿಯಲ್ಲಿ ಭತ್ತದ ಚೀಲ ತುಂಬಿದ ಟ್ರಾಕ್ಟರುಗಳು ಮಾನವಿಯನ್ನು ದಾಟಿ ರಾಯಚೂರಿನ ಗಂಜಿನ ಕಡೆಗೆ ಸಾಗುತ್ತವೆ. ದಾರಿಯುದ್ದಕ್ಕೂ ಕಾಳು ಸೋರುತ್ತಲೇ ಇರುತ್ತದೆ.